ದೇಶದೇಶಗಳ ಮನಸ್ಸನ್ನು ಓದಿದವರು: ಸರ್ ಬೆನೆಗಲ್ ನರಸಿಂಗ ರಾವ್

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ವಿಶ್ವೇಶ್ವರಯ್ಯನವರ ಬಗ್ಗೆ, ಕುವೆಂಪು ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇದೇ ಶಾಲೆಯಲ್ಲಿ ಓದಿ, ಮುಂದೆ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರಾದ ನನಗೆ ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವ ಒಬ್ಬರ ಹೆಸರು ನೆನಪಿಗೆ ಬಂತು. ಸಂವಿಧಾನ ಸಭೆಯ ಸಲಹೆಗಾರರು ಬಿ.ಎನ್. ರಾವ್ ಎಂದು ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆಸಿ ನಾವು ಮುಂದೆ ಹೋಗಿಬಿಡುತ್ತೇವೆ. ಅವರು ನಮ್ಮ ರಾಜ್ಯದವರೇ ಎಂಬುದು ಬಹಳ ಮಕ್ಕಳಿಗೆ ಗೊತ್ತಿಲ್ಲ. ನನಗೂ ಬಹಳ ವರ್ಷ ಗೊತ್ತಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಓದಿದ ಮಕ್ಕಳು ಈಗ ಮಧುಗಿರಿ, ಶಿರಾ, ತುಮಕೂರುಗಳಲ್ಲಿ ಪದವಿಗೆ ಸೇರಿ ರಾಜ್ಯಶಾಸ್ತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ಎಂಬ ವಿಷಯ ಬರುತ್ತದೆ. ದೇಶಗಳು ಏಕೆ ಜಗಳವಾಡುತ್ತವೆ, ಹೇಗೆ ರಾಜಿಯಾಗುತ್ತವೆ ಎಂಬುದು ಅದರ ವಸ್ತು. ಅದಕ್ಕೆ ಹೊಂದಿಕೊಂಡೇ ರಾಜಕೀಯ ಮನೋವಿಜ್ಞಾನ ಎಂಬ ಇನ್ನೊಂದು ಶಾಖೆ ಬೆಳೆದಿದೆ. ಆಳುವವರ ಭಯ, ಅನುಮಾನ, ಪ್ರತಿಷ್ಠೆ ಇವು ತೀರ್ಮಾನಗಳನ್ನು ಹೇಗೆ ತಿರುಗಿಸುತ್ತವೆ ಎಂದು ಅದು ನೋಡುತ್ತದೆ. ನರಸಿಂಗ ರಾಯರು ಯಾವ ಕಾಲೇಜಿನಲ್ಲೂ ಈ ವಿಷಯದ ಪ್ರಾಧ್ಯಾಪಕರಾಗಿರಲಿಲ್ಲ. ಆದರೆ ವಿದ್ಯಾರ್ಥಿಯಂತೆ ಕೊನೆಯವರೆಗೂ ಅದನ್ನೇ ಓದಿದರು, ಮತ್ತು ಓದಿದ್ದನ್ನು ಯುದ್ಧದ ಬಾಗಿಲಲ್ಲಿ ನಿಂತು ಬಳಸಬೇಕಾಗಿ ಬಂತು.

ಬೆನೆಗಲ್ ನರಸಿಂಗ ರಾವ್ ಅವರು ಹುಟ್ಟಿದ್ದು 1887ರ ಫೆಬ್ರುವರಿ 26ರಂದು, ದಕ್ಷಿಣ ಕನ್ನಡದ ಕೊಂಕಣಿ ಮಾತನಾಡುವ ಸಾರಸ್ವತ ಕುಟುಂಬದಲ್ಲಿ. ಆಗ ಆ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ರಾಘವೇಂದ್ರ ರಾಯರು ವೈದ್ಯರು. ಮನೆಯಲ್ಲಿ ಓದಿಗೆ ಎಷ್ಟು ಬೆಲೆಯಿತ್ತು ಎಂಬುದನ್ನು ತಮ್ಮಂದಿರನ್ನು ನೋಡಿದರೆ ತಿಳಿಯುತ್ತದೆ. ಬಿ. ರಾಮರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಬಿ. ಶಿವರಾವ್ ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ ಹೆಸರಾದರು. ನರಸಿಂಗ ರಾಯರು ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಅಲ್ಲಿಂದ ಪರೀಕ್ಷೆಗೆ ಕೂತು ಇಡೀ ಮದ್ರಾಸ್ ಪ್ರಾಂತ್ಯಕ್ಕೇ ಮೊದಲಿಗರಾಗಿ ಬಂದರು. ಜಿಲ್ಲಾ ಕೇಂದ್ರದ ಒಂದು ಹೈಸ್ಕೂಲಿನ ಹುಡುಗ ಅಷ್ಟು ದೊಡ್ಡ ಪ್ರಾಂತ್ಯದ ಮಕ್ಕಳನ್ನೆಲ್ಲ ಹಿಂದೆ ಹಾಕಿದ್ದು ಆ ಕಾಲಕ್ಕೆ ಸಣ್ಣ ಸುದ್ದಿಯಾಗಿರಲಾರದು.

ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿಂದ ವಿದ್ಯಾರ್ಥಿ ವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿ ಗಣಿತ ಓದಿದರು. ಅದೇ ವರ್ಷಗಳಲ್ಲಿ ಅದೇ ಕಾಲೇಜಿನಲ್ಲಿ ಜವಾಹರಲಾಲ್ ನೆಹರೂ ಕೂಡ ಓದುತ್ತಿದ್ದರು. ಗಣಿತ ಓದಿದವರು ಕಾನೂನಿಗೆ ಬಂದದ್ದು ಹೇಗೆ ಎಂದು ಮಕ್ಕಳು ಕೇಳಬಹುದು. ಐ.ಸಿ.ಎಸ್. ಪರೀಕ್ಷೆ ಪಾಸು ಮಾಡಿ ಬಂಗಾಳಕ್ಕೆ ಬಂದ ರಾಯರಿಗೆ ಆಡಳಿತಕ್ಕಿಂತ ನ್ಯಾಯಾಂಗದ ಕೆಲಸ ಹಿಡಿಸಿತು. ಜಿಲ್ಲಾ ನ್ಯಾಯಾಧೀಶರಾಗಿ ದುಡಿದು, 1925ರಿಂದ ಎಂಟು ವರ್ಷ ಅಸ್ಸಾಂ ಸರ್ಕಾರದ ಕಾನೂನು ಕಾರ್ಯದರ್ಶಿಯಾಗಿದ್ದರು. 1935ರ ಭಾರತ ಸರ್ಕಾರ ಕಾಯಿದೆ ಬಂದಾಗ, ದೇಶದ ಹಳೆಯ ಕಾನೂನುಗಳನ್ನೆಲ್ಲ ಒಂದೊಂದಾಗಿ ತೆಗೆದು ಹೊಸ ಕಾಯಿದೆಗೆ ಹೊಂದಿಸಿ ತಿದ್ದುವ ಕೆಲಸ ಅವರ ಪಾಲಿಗೆ ಬಂತು. ತಾಳ್ಮೆಯಿಲ್ಲದವರ ಕೈಯಲ್ಲಿ ಆಗುವ ಕೆಲಸವಲ್ಲ ಅದು. 1938ರಲ್ಲಿ ಸರ್ ಪದವಿ ದೊರೆಯಿತು, ಆಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಅಲ್ಲಿಂದ ಮುಂದಿನ ಒಂದು ಕೆಲಸವನ್ನು ನಮ್ಮ ಕಡೆಯ ರೈತರು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು. ನಮ್ಮ ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ, ಆಂಧ್ರದ ಕಡೆಗೆ ಹೋಗಿ ಪಿನಾಕಿನಿಯನ್ನು ಸೇರುತ್ತಾಳೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮೇಲಿನವರು ಏರಿ ಎತ್ತರಿಸಿದರೆ ಕೆಳಗಿನವರ ಗದ್ದೆ ಒಣಗುತ್ತದೆ. ಊರೂರಿನ ನಡುವೆ ಇರುವ ಈ ಜಗಳವೇ ಸಿಂಧೂ ನದಿಯ ಮೇಲೆ ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳ ನಡುವೆ ಇತ್ತು. ಪಂಜಾಬಿನವರು ಭಾಕ್ರಾ ಅಣೆಕಟ್ಟಿನ ಯೋಜನೆ ಹಾಕಿದಾಗ ಕೆಳಗಿನ ಸಿಂಧ್‌ನವರು ದೂರು ಕೊಟ್ಟರು. ವಿಚಾರಿಸಲು 1941ರಲ್ಲಿ ನೇಮಿಸಿದ ಆಯೋಗಕ್ಕೆ ರಾಯರೇ ಅಧ್ಯಕ್ಷರು. ನದಿ ನಮ್ಮ ನೆಲದಲ್ಲಿ ಹರಿಯುವಷ್ಟು ದೂರ ನೀರೆಲ್ಲ ನಮ್ಮದೇ ಎಂಬ ಮೇಲಿನವರ ವಾದವನ್ನೂ ಅವರು ಒಪ್ಪಲಿಲ್ಲ. ಹಿಂದಿನಿಂದ ಬಂದ ಹರಿವಿನಲ್ಲಿ ಒಂದು ಹನಿಯೂ ಕಡಿಮೆಯಾಗಬಾರದು ಎಂಬ ಕೆಳಗಿನವರ ಹಟವನ್ನೂ ಒಪ್ಪಲಿಲ್ಲ. ಇಡೀ ನದಿಯನ್ನು ಒಂದೇ ಎಂದು ಭಾವಿಸಿ, ಎಲ್ಲರ ಅಗತ್ಯ ನೋಡಿ, ನ್ಯಾಯವಾಗಿ ಹಂಚಬೇಕು ಎಂದು 1942ರ ವರದಿ ಹೇಳಿತು. ಹಿಂದೆ ನಮ್ಮ ಊರುಗಳಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸವೇ ಇದು, ಬಯಲು ಮಾತ್ರ ದೊಡ್ಡದು. ಎರಡು ಪ್ರಾಂತ್ಯಗಳಿಗೂ ವರದಿ ತೃಪ್ತಿ ಕೊಡಲಿಲ್ಲ. ವಿವಾದ ಮುಗಿಯುವ ಮೊದಲೇ ದೇಶ ಇಬ್ಭಾಗವಾಯಿತು, ಪ್ರಾಂತ್ಯಗಳ ಜಗಳ ದೇಶಗಳ ಜಗಳವಾಯಿತು. ಅದು ಒಂದು ಒಪ್ಪಂದಕ್ಕೆ ಬಂದದ್ದು 1960ರಲ್ಲಿ.

ಅದೇ 1941ರಲ್ಲಿ ಹಿಂದೂ ಕಾನೂನು ಸಮಿತಿಗೂ ರಾಯರು ಅಧ್ಯಕ್ಷರಾದರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು, ಮದುವೆ, ದತ್ತು ಇವನ್ನೆಲ್ಲ ಒಂದು ಸಂಹಿತೆಗೆ ತರುವ ಯತ್ನ ಅದು. ಸಮಿತಿ ಊರೂರು ತಿರುಗಿ ಸಾಕ್ಷ್ಯ ತೆಗೆದುಕೊಂಡಿತು, ಬೈಗುಳವನ್ನೂ ಕೇಳಿತು. 1955-56ರಲ್ಲಿ ಬಂದ ಹಿಂದೂ ವಿವಾಹ, ಉತ್ತರಾಧಿಕಾರ ಕಾಯಿದೆಗಳ ಬೇರು ಅಲ್ಲಿದೆ. ನಡುವೆ 1944ರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದು, ಮಹಾರಾಜರೊಂದಿಗೆ ಹೊಂದದೆ ಬಿಟ್ಟು ಬಂದರು.

ಈಗ ಸಂವಿಧಾನದ ವಿಷಯ. 1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಸಂಬಳ ತೆಗೆದುಕೊಳ್ಳದೆ ಗೌರವ ಹುದ್ದೆಯಾಗಿ ಆ ಕೆಲಸ ಮಾಡಿದರು. ಹಲವು ದೇಶಗಳ ಸಂವಿಧಾನಗಳನ್ನು ಓದಿ, ಯಾವ ದೇಶ ಯಾವ ತೊಡಕನ್ನು ಹೇಗೆ ಬಿಡಿಸಿತು ಎಂದು ಟಿಪ್ಪಣಿ ಮಾಡಿ, ಸದಸ್ಯರ ಕೈಗೆ ಪುಸ್ತಿಕೆಗಳನ್ನು ಕೊಟ್ಟರು. ರಾಷ್ಟ್ರಪತಿ ಹೇಗಿರಬೇಕು, ಎರಡು ಸದನ ಬೇಕೇ ಎಂಬಂಥ ಪ್ರಶ್ನೆಗಳ ಪಟ್ಟಿ ಮಾಡಿ 1947ರ ಮಾರ್ಚಿನಲ್ಲಿ ಜನಪ್ರತಿನಿಧಿಗಳಿಗೆ ಕಳಿಸಿ ಉತ್ತರ ಕೇಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ 243 ವಿಧಿ, 13 ಅನುಸೂಚಿಗಳ ಮೊದಲ ಕರಡು ಸಿದ್ಧವಾಯಿತು. ಬರ್ಮಾ ದೇಶದವರೂ ತಮ್ಮ ಸಂವಿಧಾನಕ್ಕೆ ಅವರ ನೆರವು ಪಡೆದರು.

ಇತ್ತೀಚೆಗೆ ಕೆಲವರು ಈ ಕರಡನ್ನು ಮುಂದಿಟ್ಟುಕೊಂಡು ಸಂವಿಧಾನ ಬರೆದವರು ಅಂಬೇಡ್ಕರರಲ್ಲ, ರಾಯರು ಎಂದು ವಾದಿಸುವುದುಂಟು. ಮೇಷ್ಟ್ರಾಗಿ ಇಲ್ಲಿ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ರಾಯರು ಸಂವಿಧಾನ ಸಭೆಯ ಸದಸ್ಯರೇ ಅಲ್ಲ. ಅವರಿಗೆ ಅಲ್ಲಿ ಮತವಿರಲಿಲ್ಲ. ಅವರ ಕರಡನ್ನು ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಬಿಚ್ಚಿ, ತಿದ್ದಿ, ಬೆಳೆಸಿ 315 ವಿಧಿಗಳ ಹೊಸ ಕರಡು ಮಾಡಿತು. ಸಭೆಯಲ್ಲಿ ಅದರ ಒಂದೊಂದು ವಿಧಿಯ ಪರವಾಗಿ ನಿಂತು ಉತ್ತರ ಕೊಟ್ಟವರು ಅಂಬೇಡ್ಕರರು. ಕೊನೆಗೆ 395 ವಿಧಿಗಳ ಸಂವಿಧಾನ ಅಂಗೀಕಾರವಾಗುವ ಹಿಂದಿನ ದಿನ, 1949ರ ನವೆಂಬರ್ 25ರಂದು, ಮೊದಲ ಕರಡಿನ ಶ್ರೇಯಸ್ಸು ರಾಯರದು ಎಂದು ತುಂಬಿದ ಸಭೆಯಲ್ಲಿ ಹೇಳಿದವರೂ ಅಂಬೇಡ್ಕರರೇ. ಅವರಿಬ್ಬರ ನಡುವೆ ಇಲ್ಲದ ಜಗಳವನ್ನು ನಾವು ಹಚ್ಚುವುದು ಬೇಡ.

ರಾಯರು ಹೇಳಿದ್ದೆಲ್ಲ ಸರಿಯಾಗಿತ್ತು ಎಂದೂ ನಾನು ಹೇಳುವುದಿಲ್ಲ. 1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನೂ ರಾಜಕಾರಣಿಗಳನ್ನೂ ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರು, ಕಾನೂನು ನ್ಯಾಯಯುತವೇ ಎಂದು ತೂಗುವ ವಿಶಾಲ ಅಧಿಕಾರವನ್ನು ಕೋರ್ಟಿಗೆ ಕೊಟ್ಟರೆ ಚುನಾಯಿತ ಸರ್ಕಾರ ಕೆಲಸ ಮಾಡುವುದು ಕಷ್ಟ ಎಂದು ಎಚ್ಚರಿಸಿದರು. ರಾಯರಿಗೂ ಅದು ಸರಿಯೆನಿಸಿತು. 21ನೇ ವಿಧಿಯಲ್ಲಿ ಅಮೆರಿಕದ ಮಾತು ಹೋಗಿ, ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಇಕ್ಕಟ್ಟಾದ ಮಾತು ಬಂತು. ಅದರ ಫಲವಾಗಿ, ವಿಚಾರಣೆಯಿಲ್ಲದೆ ಬಂಧಿಸುವ ಕಾನೂನಿನ ಎದುರು 1950ರಲ್ಲಿ ಎ.ಕೆ. ಗೋಪಾಲನ್ ಅವರ ವಾದ ನಿಲ್ಲಲಿಲ್ಲ. 1978ರಲ್ಲಿ ಮನೇಕಾ ಗಾಂಧಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಇಕ್ಕಟ್ಟನ್ನು ಬಿಡಿಸಿತು. ತುರ್ತು ಪರಿಸ್ಥಿತಿ ಕಂಡ ನಮ್ಮ ತಲೆಮಾರಿನವರಿಗೆ ಈ ವಿಷಯದಲ್ಲಿ ರಾಯರ ಪಕ್ಷ ವಹಿಸುವುದು ಕಷ್ಟ.

ಸಂವಿಧಾನದ ಕೆಲಸ ಮುಗಿಯುವ ಮೊದಲೇ ಅವರನ್ನು ವಿಶ್ವಸಂಸ್ಥೆ ಕರೆದಿತ್ತು. ಅಂತರರಾಷ್ಟ್ರೀಯ ಕಾನೂನು ಆಯೋಗದ ಮೊದಲ ಸದಸ್ಯರಲ್ಲಿ ಅವರೊಬ್ಬರು. 1949ರಿಂದ ಅಲ್ಲಿ ಭಾರತದ ಪ್ರತಿನಿಧಿ. 1950-51ಕ್ಕೆ ಭಾರತ ಭದ್ರತಾ ಮಂಡಳಿಯ ಸದಸ್ಯನಾಗಿತ್ತು. ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಂದು ದೇಶದಂತೆ ತಿರುಗುತ್ತದೆ. 1950ರ ಜೂನ್ ತಿಂಗಳು ಭಾರತದ ಸರದಿ. ಅದೇ ಜೂನ್ 25ರ ಭಾನುವಾರ ಉತ್ತರ ಕೊರಿಯಾದ ಸೈನ್ಯ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತು.

ಪಾವಗಡದ ಕಡೆಯವರಿಗೆ ಗಡಿ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಸುತ್ತ ಆಂಧ್ರ, ನಡುವೆ ನಮ್ಮ ತಾಲ್ಲೂಕು. ಸಂತೆ ಒಂದು ಕಡೆ, ನೆಂಟರು ಇನ್ನೊಂದು ಕಡೆ, ಮನೆಯಲ್ಲಿ ಎರಡು ಭಾಷೆ. ಆದರೆ ನಮ್ಮ ಗಡಿಯನ್ನು ಬಸ್ಸು ಹತ್ತಿ ದಾಟುತ್ತೇವೆ. ಕೊರಿಯಾದ ಗೆರೆಯನ್ನು 1945ರಲ್ಲಿ ಜಪಾನ್ ಸೋತಾಗ ಅಮೆರಿಕ ಮತ್ತು ರಷ್ಯಾ ತಮ್ಮ ಸೈನ್ಯಗಳ ಅನುಕೂಲಕ್ಕೆ ಎಳೆದಿದ್ದವು. ಒಂದೇ ಭಾಷೆ, ಒಂದೇ ಜನ, ಗೆರೆಯ ಆಚೆ ಈಚೆ ಎರಡು ಸರ್ಕಾರ.

ಆ ಭಾನುವಾರವೇ ನ್ಯೂಯಾರ್ಕಿನ ಹತ್ತಿರದ ಲೇಕ್ ಸಕ್ಸೆಸ್ ಎಂಬಲ್ಲಿ ಮಂಡಳಿ ಸೇರಿತು. ಅಧ್ಯಕ್ಷ ಪೀಠದಲ್ಲಿ ರಾಯರು. ಕಮ್ಯುನಿಸ್ಟ್ ಚೀನಾಕ್ಕೆ ಸ್ಥಾನ ಕೊಟ್ಟಿಲ್ಲವೆಂದು ರಷ್ಯಾ ಜನವರಿಯಿಂದ ಸಭೆಗೆ ಬರುತ್ತಿರಲಿಲ್ಲ. ಯುದ್ಧ ನಿಲ್ಲಿಸಿ ಸೈನ್ಯ ಹಿಂದಕ್ಕೆ ತೆಗೆಯಬೇಕು ಎಂಬ ನಿರ್ಣಯ 9 ಮತಗಳಿಂದ ಅಂಗೀಕಾರವಾಯಿತು. ಯುಗೊಸ್ಲಾವಿಯಾ ತಟಸ್ಥವಾಗಿತ್ತು. ಭಾರತದ ಮತ ನಿರ್ಣಯದ ಪರ ಬಿತ್ತು. ಎರಡು ದಿನ ಕಳೆದು ಇನ್ನೊಂದು ನಿರ್ಣಯ ಬಂತು. ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ಸೈನಿಕ ನೆರವು ಕೊಡಬೇಕು ಎಂಬುದು ಅದರ ಸಾರ. ದಾಳಿಯನ್ನು ತಪ್ಪೆನ್ನುವುದು ಬೇರೆ, ಬಂದೂಕು ಹಿಡಿಯಿರಿ ಎನ್ನುವುದು ಬೇರೆ. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಸುತ್ತ ಒತ್ತಡವಿತ್ತು, ಪೀಠದಲ್ಲಿ ತಾವೇ ಇದ್ದರು. ರಾಯರು ಆ ಮತದಾನದಲ್ಲಿ ಭಾಗವಹಿಸಲಿಲ್ಲ, ಈಜಿಪ್ಟಿನವರೂ ಹಾಗೆಯೇ ಮಾಡಿದರು. ಮುಂದೆ ಭಾರತ ನಿರ್ಣಯವನ್ನು ಒಪ್ಪಿತಾದರೂ ಹೋರಾಡುವ ಸೈನ್ಯ ಕಳಿಸಲಿಲ್ಲ, 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯ ಪಡೆಯನ್ನು ಕಳಿಸಿತು.

ರಾಯರು ಆ ದಿನ ಸುಮ್ಮನಿದ್ದದ್ದನ್ನು ಅಳುಕು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ದೇಶದ ಹೆಸರಿನಲ್ಲಿ ಮತ ಹಾಕುವವನು ದೇಶವನ್ನು ಕೇಳದೆ ಯುದ್ಧಕ್ಕೆ ಕೈ ಎತ್ತಬಾರದು.

ಆಗಸ್ಟಿನಲ್ಲಿ ರಷ್ಯಾ ಮರಳಿ ಬಂತು. ಮಂಡಳಿ ದೊಡ್ಡವರ ಕೂಗಾಟದ ಜಾಗವಾಯಿತು. ಆಗ ರಾಯರು ಒಂದು ಸಲಹೆ ಇಟ್ಟರು. ಕಾಯಂ ಸದಸ್ಯರಲ್ಲದ ಆರು ಸಣ್ಣ ದೇಶಗಳು ಒಂದು ಸಮಿತಿಯಾಗಿ ಕೂತು, ಎಲ್ಲರ ಪ್ರಸ್ತಾವಗಳನ್ನೂ ಕೇಳಿ ಒಂದು ದಾರಿ ಹುಡುಕಲಿ ಎಂಬುದೇ ಆ ಸಲಹೆ. ಜಗಳದಲ್ಲಿ ನೇರ ಪಾಲಿಲ್ಲದವರ ಮಾತನ್ನು ಎರಡೂ ಕಡೆಯವರು ಕೇಳಬಹುದು ಎಂಬ ಲೆಕ್ಕ. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಸೆಪ್ಟೆಂಬರಿನಲ್ಲಿ ಯುದ್ಧದ ದಿಕ್ಕು ಬದಲಾಯಿತು. ಅಮೆರಿಕದ ನೇತೃತ್ವದ ಸೈನ್ಯ ಗೆಲ್ಲುತ್ತ 38ನೇ ಅಕ್ಷಾಂಶಕ್ಕೆ ಬಂತು. ಈಗ ದಾಟಬೇಕೇ ಬೇಡವೇ? ಅಕ್ಟೋಬರ್ 2ರ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್, ಪೀಕಿಂಗಿನಲ್ಲಿದ್ದ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದವರು ಗೆರೆ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ತಿಳಿಸಿದರು. ಭಾರತ ಆ ಮಾತನ್ನು ಅಮೆರಿಕಕ್ಕೂ ಇಂಗ್ಲೆಂಡಿಗೂ ಮುಟ್ಟಿಸಿತು. ರಾಯರು ವಿಶ್ವಸಂಸ್ಥೆಯಲ್ಲಿ ಅದೇ ಎಚ್ಚರಿಕೆ ಕೊಟ್ಟರು. ವಾಷಿಂಗ್ಟನ್ನಿನವರು ಇದನ್ನು ಬರೀ ಬೆದರಿಕೆ ಎಂದುಕೊಂಡರು. ಗೆದ್ದು ಮುಂದೆ ಹೋಗುತ್ತಿರುವವನಿಗೆ ಎದುರಿನವನ ಭಯ ಕಾಣುವುದಿಲ್ಲ. ತನ್ನ ಬಾಗಿಲಿಗೆ ಪರದೇಶದ ಸೈನ್ಯ ಬಂದು ನಿಂತರೆ ಚೀನಾದವರಿಗೆ ಏನನಿಸುತ್ತದೆ ಎಂದು ಯೋಚಿಸಿದವರು ಆ ಸಭಾಂಗಣದಲ್ಲಿ ಬಹಳ ಕಡಿಮೆ. ಅಕ್ಟೋಬರ್ 7ರಂದು ಮಹಾಸಭೆ ಮುಂದುವರಿಯಲು ದಾರಿ ಕೊಡುವ ನಿರ್ಣಯವನ್ನು 47 ಮತಗಳಿಂದ ಒಪ್ಪಿತು, ಭಾರತ ಮತ ಹಾಕದೆ ತಟಸ್ಥವಾಯಿತು. ತಿಂಗಳು ಮುಗಿಯುವುದರೊಳಗೆ ಚೀನಾದ ಸೈನ್ಯ ಯಾಲು ನದಿ ದಾಟಿ ಕೊರಿಯಾದೊಳಗೆ ಬಂದಿತ್ತು. ಇಂದು ರಾಜಕೀಯ ಮನೋವಿಜ್ಞಾನದ ತರಗತಿಗಳಲ್ಲಿ, ಎದುರಾಳಿಯ ಮನಸ್ಸನ್ನು ತಪ್ಪಾಗಿ ಓದಿದ್ದಕ್ಕೆ ಉದಾಹರಣೆಯಾಗಿ ಈ ಅಕ್ಟೋಬರ್ ತಿಂಗಳನ್ನು ಪಾಠ ಮಾಡುತ್ತಾರೆ.

ಡಿಸೆಂಬರಿನಲ್ಲಿ ಕದನ ನಿಲ್ಲಿಸುವ ದಾರಿ ಹುಡುಕಲು ಮೂವರ ತಂಡ ರಚನೆಯಾಯಿತು. ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ನರಸಿಂಗ ರಾಯರು. ಚೀನಾದಿಂದ ಬಂದಿದ್ದ ನಿಯೋಗವನ್ನು ರಾಯರು ಕಂಡು ಮಾತನಾಡಿದರು, ಫಲ ಸಿಗಲಿಲ್ಲ. ಜನವರಿಯಲ್ಲಿ ಐದು ಅಂಶಗಳ ಸೂತ್ರ ಮುಂದಿಟ್ಟರು. ಚೀನಾದ ಉತ್ತರವನ್ನು ಅಮೆರಿಕ ನಿರಾಕರಣೆ ಎಂದು ಓದಿತು. ಅದರಲ್ಲಿ ಇನ್ನೂ ಮಾತುಕತೆಗೆ ಎಡೆಯಿದೆ, ಸ್ಪಷ್ಟನೆ ಕೇಳೋಣ ಎಂಬುದು ಭಾರತದ ನಿಲುವಾಗಿತ್ತು. ಚೀನಾವನ್ನು ಆಕ್ರಮಣಕಾರ ಎಂದು ಘೋಷಿಸುವ ನಿರ್ಣಯ 1951ರ ಫೆಬ್ರುವರಿ 1ರಂದು ಮತಕ್ಕೆ ಬಂತು. 44 ಪರ, 7 ವಿರುದ್ಧ, 9 ತಟಸ್ಥ. ವಿರುದ್ಧ ಬಿದ್ದ ಏಳರಲ್ಲಿ ಐದು ರಷ್ಯಾದ ಗುಂಪಿನವು. ಉಳಿದ ಎರಡು ಬರ್ಮಾ ಮತ್ತು ಭಾರತ.

ನಮ್ಮ ಹಳ್ಳಿಯ ಅರಳಿಕಟ್ಟೆಯಲ್ಲಿ ಬದುವಿನ ಜಗಳ ತೀರ್ಮಾನ ಮಾಡುವ ಹಿರಿಯರಿಗೆ ಇದು ಗೊತ್ತಿರುವ ವಿಷಯ. ಒಬ್ಬನನ್ನು ಊರೆದುರು ಕಳ್ಳ ಎಂದು ಕರೆದ ಮೇಲೆ ಅವನನ್ನು ಮತ್ತೆ ಕಟ್ಟೆಗೆ ಕರೆದು ಕೂರಿಸುವುದು ಕಷ್ಟ. ರಾಯರ ವಾದವೂ ಹೆಚ್ಚುಕಡಿಮೆ ಇದೇ ಆಗಿತ್ತು. ಮಾತುಕತೆ ಮತ್ತು ಛೀಮಾರಿ ಎರಡನ್ನೂ ಒಟ್ಟಿಗೆ ನಡೆಸಲಾಗದು. ಅಮೆರಿಕದ ಪತ್ರಿಕೆಗಳಲ್ಲಿ ಭಾರತಕ್ಕೆ ಒಳ್ಳೆಯ ಮಾತು ಬರಲಿಲ್ಲ. ಯುದ್ಧ ಮುಂದೆ ಎರಡೂವರೆ ವರ್ಷ ನಡೆಯಿತು. ಬೇರೆ ದಾರಿ ಹಿಡಿದಿದ್ದರೆ ನಿಲ್ಲುತ್ತಿತ್ತೇ ಎಂದರೆ ಹೌದೆಂದು ಯಾರೂ ಪ್ರಮಾಣ ಮಾಡಲಾರರು. ಚೀನಾದವರೂ ಆಗ ಗೆಲುವಿನ ಗುಂಗಿನಲ್ಲಿದ್ದರು. ಆ ಭಾಗವನ್ನು ಭಾರತದವರು ಸ್ವಲ್ಪ ಹಗುರವಾಗಿ ತೆಗೆದುಕೊಂಡರೇನೋ ಎಂದು ನನಗೆ ಅನುಮಾನವಿದೆ.

ಆದರೂ ಎರಡೂ ಬಣದವರು ರಾಯರ ಮಾತಿಗೆ ಕಿವಿಗೊಡುತ್ತಿದ್ದರು. 1950ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ಅವರ ಹೆಸರೂ ಓಡಾಡಿತ್ತು. 1951ರಲ್ಲಿ ಕಾಶ್ಮೀರದ ಚರ್ಚೆ ಬಂದಾಗ ಭಾರತದ ಪರ ನಿಂತವರೂ ಅವರೇ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠಕ್ಕೆ ಆಯ್ಕೆಯಾದ ಮೊದಲ ಭಾರತೀಯರು ಅವರು. ಗಣಿತದಿಂದ ಹೊರಟ ಮನುಷ್ಯನಿಗೆ ಇದೇ ಸರಿಯಾದ ಜಾಗ ಎನಿಸುವಷ್ಟರಲ್ಲಿ ಆರೋಗ್ಯ ಕೈಕೊಟ್ಟಿತು. ಎರಡು ವರ್ಷ ಕೂಡ ಪೂರ್ತಿ ಕೂರಲಾಗಲಿಲ್ಲ.

ಸಂವಿಧಾನ ರಚನೆಯ ಕಾಲದ ಅವರ ಟಿಪ್ಪಣಿ, ವರದಿಗಳನ್ನು ತಮ್ಮ ಶಿವರಾಯರು ಸಂಪಾದಿಸಿ 1960ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ತಂದರು. ರಾಜೇಂದ್ರ ಪ್ರಸಾದರು ಮುನ್ನುಡಿ ಬರೆದರು. ಪದವಿಗೆ ಹೋಗುವ ನಮ್ಮ ಮಕ್ಕಳು ಸಿಕ್ಕರೆ ಓದಬೇಕು, ಭಾಷೆ ಹೆದರಿಸುವುದಿಲ್ಲ. 1988ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಕೊರಿಯಾದಲ್ಲಿ ಕದನ ವಿರಾಮವಾದದ್ದು 1953ರ ಜುಲೈ 27ರಂದು. ಆ ಸುದ್ದಿ ಬಂದಾಗ ರಾಯರು ಇನ್ನೂ ಬದುಕಿದ್ದರು. ಊರಿಗೆ ಹೋಗಲು ಒಪ್ಪದ ಯುದ್ಧ ಕೈದಿಗಳ ವಿಷಯ ತೀರ್ಮಾನಿಸುವ ತಟಸ್ಥ ದೇಶಗಳ ಆಯೋಗಕ್ಕೆ ಭಾರತವನ್ನೇ ಅಧ್ಯಕ್ಷನನ್ನಾಗಿ ಮಾಡಲು ಎರಡೂ ಕಡೆಯವರು ಒಪ್ಪಿದರು. ಅದರ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ರಾಯರು ತೀರಿಕೊಂಡಾಗ ಅವರಿಗೆ ಅರವತ್ತಾರು ವರ್ಷ. ಅವರು ಮತ ಹಾಕದೆ ಕೂತಿದ್ದ ಆ ಯುದ್ಧದ ಕೊನೆಯ ಲೆಕ್ಕವನ್ನು ತಿಮ್ಮಯ್ಯನವರು ಆ ದಿನ ಕೊರಿಯಾದ ಚಳಿಯಲ್ಲಿ, 38ನೇ ಅಕ್ಷಾಂಶದ ಹತ್ತಿರ, ಇನ್ನೂ ತೀರಿಸುತ್ತಿದ್ದರು.